ಗೋವೆಯ ಊರ ದಫ್ತರ ಮತ್ತು ಅದನ್ನು ನೋಡುವ ಹಕ್ಕು

ಮುಖ್ಯಾಧ್ಯಾಪಕನ ಖುರ್ಚಿಯಲ್ಲಿ ಹಲವು ವರುಷ ಕುಳಿತವರಿಗೆ ದಫ್ತರದ ಮಹಿಮೆಯನ್ನು ಬೇರೊಬ್ಬರು ಹೇಳಿಕೊಡಬೇಕಾಗಿಲ್ಲ. ಶಾಲೆಯ ಜನರಲ್ ರಜಿಸ್ಟರಿನಲ್ಲಿ ಮೂವತ್ತು ವರುಷಗಳ ಹಿಂದೆ ಯಾರೋ ಮಾಸ್ತರರು ಅವಸರದಲ್ಲಿ ಬರೆದಿಟ್ಟ ಒಂದು ಜನ್ಮತಾರೀಖು ಇಂದು ಒಬ್ಬನ ನೌಕರಿಯನ್ನು ಉಳಿಸುತ್ತದೆ, ಇಲ್ಲವೆ ಕಳೆಯುತ್ತದೆ. ತಂದೆಯ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೆ ಮಗನು ತಾಲೂಕು ಕಚೇರಿಗೆ ಹತ್ತು ಸಲ ಅಲೆಯುತ್ತಾನೆ. ಆ ರಜಿಸ್ಟರು ನಮ್ಮ ಕಪಾಟಿನಲ್ಲಿದೆ. ಕಪಾಟಿನ ಕೀಲಿಕೈ ನಮ್ಮ ಜೇಬಿನಲ್ಲಿದೆ. ಕೀಲಿಕೈ ಇದ್ದವನಿಗೆ ತಾನಾಗಿಯೇ ಒಂದು ಗತ್ತು ಬರುತ್ತದೆ. ‘ನಾಳೆ ಬಾ’ ಎಂಬ ಎರಡು ಶಬ್ದಗಳನ್ನು ನಾವೂ ನಮ್ಮ ಸೇವಾವಧಿಯಲ್ಲಿ ಅನೇಕ ಸಲ ಆಡಿದ್ದೇವೆ. ಹಾಗೆ ಆಡುವುದಕ್ಕೆ ಕೆಲವು ಸಲ ಕಾರಣವಿತ್ತು, ಕೆಲವು ಸಲ ಇರಲಿಲ್ಲ.

೨೦೧೩ನೆಯ ಇಸವಿಯ ಬೇಸಗೆ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ಹುಡುಕಿಕೊಂಡು ಬಂದನು. ಒಂಬತ್ತನೆಯ ಇಯತ್ತೆಗೇ ಶಾಲೆ ಬಿಟ್ಟು ಗೋವೆಗೆ ಹೋಗಿ, ಅಲ್ಲಿ ಗೌಂಡಿ ಕೆಲಸ ಹಿಡಿದು, ಒಂದು ಸಣ್ಣ ಮನೆ ಮಾಡಿಕೊಂಡವನು. “ಸರ, ಇಷ್ಟು ವರ್ಷ ಘರಪಟ್ಟಿ ತುಂಬೇನ್ರಿ. ಪಾವತಿ ಎಲ್ಲಾ ಮಳಿಗಾಲದಾಗ ನೀರಿಗೆ ಹೋದವ್ರಿ. ಆಫೀಸಿನಾಗ ಕೇಳಿದ್ರ ನಿನ್ನ ಹೆಸರ ಬುಕ್ಕಿನಾಗ ಇಲ್ಲ ಅಂತಾರ್ರಿ. ಆ ಬುಕ್ಕ ನಾ ನೋಡಬಹುದೇನ್ರಿ?” ಎಂದು ಕೇಳಿದನು. ಅವನ ಕೆಲಸವು ಏನಾಯಿತೆಂಬುದನ್ನು ಮುಂದೆ ಹೇಳುವೆವು. ಆದರೆ ಅವನ ಪ್ರಶ್ನೆಯು ನಮ್ಮನ್ನು ಬಹಳ ಹಿಂದಕ್ಕೆ ಕರೆದುಕೊಂಡು ಹೋಯಿತು. ಊರಿನ ಪುಸ್ತಕವನ್ನು ಊರಿನವನು ನೋಡಬಹುದೆ? ಗೋವೆಯ ನೆಲದಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರಗಳು ದೊರೆತಿವೆ. ಅವುಗಳನ್ನು ಗಡಿನಾಡಿನ ಉಪಾಧ್ಯಾಯ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಗೋವೆಯು ನಮಗೆ ಪರಕೀಯ ಪ್ರದೇಶವೇನೂ ಅಲ್ಲ. ಗೋವೆಯ ಕದಂಬರಿಗೆ ಚಂದ್ರಪುರ, ಗೋಪಕಪಟ್ಟಣಗಳು ಹೇಗೋ ಹಾಗೆಯೇ ಖಾನಾಪುರ ತಾಲೂಕಿನ ಹಲಸಿಯೂ ರಾಜಧಾನಿಯಾಗಿತ್ತು. ಕಿತ್ತೂರಿನ ಹತ್ತಿರದ ದೇಗಾಂವೆಯಲ್ಲಿ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿಯು ಕಟ್ಟಿಸಿದ ಕಮಲನಾರಾಯಣ ದೇವಾಲಯವನ್ನು ನಮ್ಮ ವಾಚಕರಲ್ಲಿ ಅನೇಕರು ಮಕ್ಕಳೊಡನೆ ಪ್ರವಾಸ ಹೋಗಿ ನೋಡಿರಬಹುದು. ಅಲ್ಲಿಯ ಶಾಸನವನ್ನು ನಾವು ಸಾಮಾನ್ಯವಾಗಿ ರಾಜವಂಶದ ಹೆಸರುಗಳಿಗಾಗಿ ಓದುತ್ತೇವೆ. ಬೇರೊಂದು ದೃಷ್ಟಿಯಿಂದಲೂ ಅಂಥ ಕಲ್ಲುಗಳನ್ನು ಓದಬಹುದೆಂದು ನಮಗೆ ತೋರುತ್ತದೆ. ಯಾವ ಭೂಮಿ, ಅದರ ಎಲ್ಲೆ ಯಾವುದು, ಯಾರಿಗೆ ಕೊಟ್ಟದ್ದು, ಯಾವ ಕಾರ್ಯಕ್ಕೆ ಎಂಬುದನ್ನು ಅರಮನೆಯ ಪೆಟ್ಟಿಗೆಯಲ್ಲಿ ಮಾತ್ರ ಇಡದೆ, ನಾಲ್ಕು ಜನ ಓಡಾಡುವ ಗುಡಿಯ ಅಂಗಳದಲ್ಲಿ ಕಲ್ಲಿನ ಮೇಲೆ ಕೊರೆಯಿಸಿ ನಿಲ್ಲಿಸಿದರು. ಓದಬಲ್ಲವನು ಓದಿ ಹೇಳಿದರೆ ಓದು ಬಾರದವನೂ ತಿಳಿಯಬಹುದಾಗಿತ್ತು. ದಾನವನ್ನು ಕೆಡಿಸಿದವನಿಗೆ ತಟ್ಟುವ ಪಾಪವನ್ನು ಕೊನೆಯಲ್ಲಿ ಬರೆಯುತ್ತಿದ್ದರು. ಅದು ಆ ಕಾಲದ ದಂಡದ ಕಲಮು ಎನ್ನಬಹುದು. ಈಗಿನ ಕಾಯ್ದೆಯಲ್ಲಿ ದಿನಕ್ಕೆ ಇಷ್ಟು ರೂಪಾಯಿ ಎಂದಿದೆ, ಅಷ್ಟೇ ವ್ಯತ್ಯಾಸ.

ಇದಕ್ಕಿಂತ ಹೆಚ್ಚಾಗಿ ನಮ್ಮ ವಿಷಯಕ್ಕೆ ಬೇಕಾದದ್ದು ಗೋವೆಯ ಗಾಂವ್‌ಕಾರಿ ಪದ್ಧತಿ. ಪೋರ್ತುಗೀಜರು ಇದನ್ನು ‘ಕೊಮುನಿದಾದ್’ ಎಂದು ಕರೆದರು. ಊರಿನ ಭೂಮಿಯು ಒಬ್ಬೊಬ್ಬನ ಸೊತ್ತಾಗಿರದೆ ಊರನ್ನು ನೆಲೆಗೊಳಿಸಿದ ಮನೆತನಗಳ ಒಟ್ಟು ಸೊತ್ತಾಗಿತ್ತು. ಆ ಮನೆತನದವರೇ ಗಾಂವ್‌ಕಾರರು. ಗದ್ದೆಗಳನ್ನು ಹರಾಜಿನಲ್ಲಿ ಗೇಣಿಗೆ ಕೊಟ್ಟು, ಬಂದ ಹುಟ್ಟುವಳಿಯಲ್ಲಿ ಸರಕಾರದ ತೆರಿಗೆಯನ್ನು ತುಂಬಿ, ಕೆರೆ ಕಟ್ಟೆ, ಖಾರಿಯ ಒಡ್ಡು, ದೇವಸ್ಥಾನ ಇವುಗಳ ವೆಚ್ಚವನ್ನು ಕಳೆದು, ಉಳಿದುದನ್ನು ಹಂಚಿಕೊಳ್ಳುತ್ತಿದ್ದರು. ತೀಸವಾಡಿ, ಸಾಸಷ್ಟಿ, ಬಾರದೇಶ ಎಂಬ ತಾಲೂಕುಗಳ ಹೆಸರಿನಲ್ಲಿಯೇ ಮೂವತ್ತು, ಅರುವತ್ತಾರು, ಹನ್ನೆರಡು ಎಂಬ ಎಣಿಕೆಗಳು ಅಡಗಿವೆಯೆಂದು ಹೇಳುವುದುಂಟು. ಗಣಿತದ ಮಾಸ್ತರರು ತರಗತಿಯಲ್ಲಿ ಹೇಳಿದರೆ ಮಕ್ಕಳು ಮರೆಯಲಾರರು.

೧೫೧೦ರಲ್ಲಿ ಅಲ್ಬುಕೆರ್ಕನು ಗೋವೆಯನ್ನು ಗೆದ್ದ ಮೇಲೆ ಹೊಸ ಸರಕಾರಕ್ಕೆ ತೆರಿಗೆ ಬೇಕಾಯಿತು. ತೆರಿಗೆ ಬೇಕಾದರೆ ಊರಿನ ಪದ್ಧತಿ ತಿಳಿಯಬೇಕು. ಆದುದರಿಂದ ಕಂದಾಯದ ಮೇಲಧಿಕಾರಿಯಾಗಿದ್ದ ಅಫೊನ್ಸು ಮೆಶೀಯನು ಊರ ಹಿರಿಯರನ್ನು ವಿಚಾರಿಸಿ, ಅವರ ರೂಢಿ ಸಂಪ್ರದಾಯಗಳನ್ನು ಬರೆಯಿಸಿ, ೧೫೨೬ನೆಯ ಇಸವಿಯ ಸೆಪ್ಟೆಂಬರ್ ೧೬ರಂದು ಒಂದು ಸನದನ್ನು ಹೊರಡಿಸಿದನು. ಇದನ್ನು ‘ಫೊರಾಲ್’ ಎನ್ನುತ್ತಾರೆ. ಇದರಲ್ಲಿ ೪೯ ಕಲಮುಗಳಿವೆ. ಊರ ಸಭೆಯು ಒಮ್ಮತದಿಂದ ಮಾಡಿದ ತೀರ್ಮಾನಕ್ಕೆ ‘ನೇಮು’ ಎಂಬ ಹೆಸರು; ನಮ್ಮ ‘ನೇಮ’ವೂ ಅದೂ ಒಂದೇ ಬಳ್ಳಿಯ ಕಾಯಿಗಳೆಂಬುದರಲ್ಲಿ ಸಂದೇಹವಿಲ್ಲ. ಆ ನೇಮವನ್ನು ಬರೆದಿಡುವುದಕ್ಕೆ ಊರಿಗೊಬ್ಬ ಬರಹಗಾರನಿರುತ್ತಿದ್ದನು. ನಮ್ಮ ಕಡೆಯ ಕುಳಕರ್ಣಿಯಂತೆಯೇ ಅವನೂ ಊರಿನ ನೆನಪಿನ ಒಡೆಯನು.

ಒಂದು ಮಾತನ್ನು ಇಲ್ಲಿ ಮುಚ್ಚಿಡಲಾಗದು. ಗಾಂವ್‌ಕಾರಿಯನ್ನು ಹೊಗಳುವವರು ಅದನ್ನು ಪ್ರಾಚೀನ ಪ್ರಜಾಪ್ರಭುತ್ವವೆಂದು ವರ್ಣಿಸುತ್ತಾರೆ. ಸಭೆಯಲ್ಲಿ ಕೂಡುವ ಹಕ್ಕು ಗಾಂವ್‌ಕಾರ ಮನೆತನದ ಗಂಡಸರಿಗೆ ಮಾತ್ರವಿತ್ತು. ಗದ್ದೆಯಲ್ಲಿ ದುಡಿದವನಿಗೆ, ಬೇರೆಯವರ ಹಿತ್ತಿಲಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಮುಂಡಕಾರನಿಗೆ, ಹೆಂಗಸರಿಗೆ ಆ ಪುಸ್ತಕವು ಮುಚ್ಚಿದ ಪುಸ್ತಕವೇ ಆಗಿತ್ತು. ಆದರೂ ಒಳಗಿದ್ದವರ ಮಟ್ಟಿಗೆ ಲೆಕ್ಕವು ಎಲ್ಲರ ಎದುರಿಗೆ ಆಗುತ್ತಿತ್ತು. ಹರಾಜು ಬಹಿರಂಗವಾಗಿ ನಡೆಯುತ್ತಿತ್ತು. ಅರ್ಧ ತೆರೆದ ಬಾಗಿಲು ಎಂದು ಇದನ್ನು ಕರೆಯಬಹುದು.

ಆ ಪುಸ್ತಕಗಳ ಲಿಪಿಯ ವಿಷಯವು ಕನ್ನಡಿಗರಿಗೆ ವಿಶೇಷ ಕುತೂಹಲಕಾರಿಯಾಗಿದೆ. ಗೋವೆಯ ಹಳೆಯ ಗ್ರಾಮದಫ್ತರಗಳಲ್ಲಿ ಕೆಲವು ‘ಗೋಯ್‌ಕಾನಡಿ’ ಅಥವಾ ‘ಕಂದವಿ’ ಎಂಬ ಲಿಪಿಯಲ್ಲಿವೆ. ಹೆಸರಿನಲ್ಲಿಯೇ ‘ಕಾನಡಿ’ ಎಂದಿದೆ. ಅಕ್ಷರಗಳು ನಮ್ಮ ಹಳೆಯ ಮೋಡಿಯ ಬರಹಕ್ಕೆ ಹತ್ತಿರದ ನಂಟರಂತೆ ಕಾಣುತ್ತವೆ. ಇದರಿಂದ ಆ ದಫ್ತರಗಳ ಭಾಷೆ ಕನ್ನಡವೆಂದು ಹೇಳಹೊರಡುವುದು ಸಾಹಸವಾದೀತು. ಲಿಪಿ ಒಂದು, ಭಾಷೆ ಇನ್ನೊಂದು. ಗಡಿನಾಡಿನ ಸಂಶೋಧಕರು ಅಭಿಮಾನದ ಭರದಲ್ಲಿ ಈ ಭೇದವನ್ನು ಮರೆಯಬಾರದು. ಆದರೆ ಇಂದು ಆ ಲಿಪಿಯನ್ನು ಓದಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಪುಸ್ತಕವು ಕಣ್ಣೆದುರಿಗಿದ್ದೂ ಓದುವವರಿಲ್ಲದಿದ್ದರೆ ಅದು ಬೀಗ ಹಾಕಿದ ಕಪಾಟಿಗೇ ಸಮಾನವಲ್ಲವೆ?

ಬೀಗ ಹಾಕುವ ಕೆಲಸವೂ ಬೇಗನೆಯೇ ನಡೆಯಿತು. ೧೫೯೫ರಲ್ಲಿ ಗೋವೆಯಲ್ಲಿ ಸರಕಾರಿ ಪತ್ರಾಗಾರವು ಸ್ಥಾಪಿತವಾಯಿತು. ಅದರ ಮೊದಲನೆಯ ರಕ್ಷಕನು ಇತಿಹಾಸಕಾರನಾದ ದಿಯೋಗು ದು ಕೌಟು. ನಮ್ಮ ದೇಶದ ಹಳೆಯ ಸರಕಾರಿ ಪತ್ರಾಗಾರಗಳಲ್ಲಿ ಇದಕ್ಕೆ ಅಗ್ರಸ್ಥಾನವಿದೆ. ಮಳೆಗಾಳಿಯನ್ನು ನೋಡಿಕೊಂಡು ಲಿಸ್ಬನ್ನಿಗೂ ಗೋವೆಗೂ ನಡುವೆ ಹೋಗಿ ಬರುತ್ತಿದ್ದ ಹಡಗುಗಳ ಮೂಲಕ ಬಂದ ರಾಜಪತ್ರಗಳ ಸಂಪುಟಗಳಿಗೆ ‘ಮುಂಗಾರಿನ ಪುಸ್ತಕಗಳು’ ಎಂದೇ ಹೆಸರು. ಮುಂಗಾರಿಗೆ ದಫ್ತರದಲ್ಲಿ ಇಂಥ ಗೌರವ ಬೇರೆಲ್ಲಿಯೂ ದೊರೆತಂತೆ ಕಾಣೆವು. ಕನ್ನಡ ನಾಡಿನ ಇತಿಹಾಸಕ್ಕೂ, ವಿಶೇಷವಾಗಿ ಕೆಳದಿಯ ನಾಯಕರು, ಸೋಂದೆಯ ಅರಸರು ಇವರ ವ್ಯವಹಾರಗಳಿಗೂ ಅಲ್ಲಿಯ ಕಾಗದಪತ್ರಗಳು ಮುಖ್ಯ ಆಧಾರಗಳಾಗಿವೆ. ಆದರೆ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸಂಪುಟಗಳಲ್ಲಿ ಅನೇಕವನ್ನು ಲಿಸ್ಬನ್ನಿಗೆ ಸಾಗಿಸಿದರು. ಊರಿನ ಸಂಗತಿ ಊರಿನವರ ಕೈಗೆ ಸಿಗದೆ ಸಮುದ್ರದಾಚೆಗೆ ಹೋಯಿತು.

ಈ ದಫ್ತರವನ್ನು ಪ್ರಜೆಗಳ ಕಡೆಗೆ ತಿರುಗಿಸಲು ಯತ್ನಿಸಿದ ಕೆಲವರು ಆಗಲೂ ಇದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಿಪ್ ನೇರಿ ಶಾವಿಯೆರ್ ಎಂಬ ಗೋವೆಯ ಅಧಿಕಾರಿಯು ಗ್ರಾಮಸಮುದಾಯಗಳ ಚರಿತ್ರೆ, ಹಕ್ಕು, ಲೆಕ್ಕಗಳನ್ನು ಕಚೇರಿಯ ಕಾಗದಗಳಿಂದ ಹೆಕ್ಕಿ ತೆಗೆದು ೧೮೫೨ರಲ್ಲಿ ಅಚ್ಚು ಹಾಕಿಸಿದನು. ೧೮೩೭ರಿಂದ ಸರಕಾರಿ ಬುಲೆಟಿನ್ ಮುದ್ರಣವಾಗಿ ಹೊರಬರತೊಡಗಿತು. ಇಪ್ಪತ್ತನೆಯ ಶತಮಾನದಲ್ಲಿ ಪಾಂಡುರಂಗ ಪಿಸುರ್ಲೆಂಕಾರರು ಪತ್ರಾಗಾರದ ಮುಖ್ಯಸ್ಥರಾಗಿ, ೧೯೫೫ರಲ್ಲಿ ಅಲ್ಲಿಯ ಸಂಗ್ರಹಕ್ಕೆ ಒಂದು ಮಾರ್ಗದರ್ಶಿಯನ್ನೇ ಪ್ರಕಟಿಸಿದರು. ಇಂಥ ಸೂಚಿಗಳನ್ನು ಸಿದ್ಧಪಡಿಸುವವರಿಗೆ ನಾವು ಸಾಕಷ್ಟು ಕೃತಜ್ಞರಾಗಿಲ್ಲ. ‘ಇದೆ’ ಎಂಬುದೇ ತಿಳಿಯದ ಕಾಗದವನ್ನು ‘ಕೊಡಿರಿ’ ಎಂದು ಯಾರು ಕೇಳಿಯಾರು?

ಆದರೆ ಪಿಸುರ್ಲೆಂಕಾರರು ಕೆಲಸ ಮಾಡಿದ ಕಾಲವು ಸಲಝಾರನ ಕಾಲ. ಪತ್ರಿಕೆಗಳಿಗೆ ಸೆನ್ಸಾರ್, ಸಭೆಗೆ ಅಪ್ಪಣೆ ಬೇಕು, ಲಗ್ನಪತ್ರಿಕೆಯನ್ನೂ ಅಚ್ಚಿಗೆ ಮುಂಚೆ ತೋರಿಸಬೇಕಾಗುತ್ತಿತ್ತೆಂದು ಅಂದಿನವರು ಹೇಳುತ್ತಿದ್ದರು. ೧೯೪೬ನೆಯ ಜೂನ್ ೧೮ರಂದು ಮಡಗಾಂವದಲ್ಲಿ ರಾಮಮನೋಹರ ಲೋಹಿಯಾರವರು ಅಪ್ಪಣೆಯಿಲ್ಲದೆ ಸಭೆಯಲ್ಲಿ ಮಾತನಾಡಲು ನಿಂತು ಬಂಧನಕ್ಕೊಳಗಾದದ್ದು ಪ್ರಸಿದ್ಧವಾಗಿದೆ. ಬಾಯಿ ತೆರೆಯುವುದೇ ಅಪರಾಧವಾಗಿದ್ದ ರಾಜ್ಯದಲ್ಲಿ ಕಚೇರಿಯ ಪುಸ್ತಕ ತೆರೆಯಿರೆಂದು ಕೇಳುವ ಮಾತೇ ಏಳಲಿಲ್ಲ.

೧೯೬೧ನೆಯ ಡಿಸೆಂಬರ್ ೧೯ರಂದು ಗೋವೆ ವಿಮೋಚನೆಗೊಂಡಿತು. ೧೯೬೨ರಲ್ಲಿಯೇ ಗ್ರಾಮಪಂಚಾಯತಿಯ ಕಾನೂನು ಬಂದು ಚುನಾವಣೆಗಳೂ ನಡೆದವು. ಇಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಒದಗಿತು. ವಿಮೋಚನೆಗೆ ಕೆಲವೇ ತಿಂಗಳ ಹಿಂದೆ, ೧೯೬೧ನೆಯ ಏಪ್ರಿಲ್‌ನಲ್ಲಿ, ಪೋರ್ತುಗೀಜ ಸರಕಾರವು ಕೊಮುನಿದಾದ್‌ಗಳಿಗೆ ಹೊಸ ಸಂಹಿತೆಯೊಂದನ್ನು ಜಾರಿಗೆ ತಂದಿತ್ತು; ಅದು ಮುಂದೆಯೂ ಉಳಿಯಿತು. ಹೀಗೆ ಒಂದೇ ಊರಿನಲ್ಲಿ ಒಂದು ಕಡೆ ಹಳೆಯ ಗಾಂವ್‌ಕಾರರ ಕೊಮುನಿದಾದ್, ಇನ್ನೊಂದು ಕಡೆ ಎಲ್ಲರ ಮತದಿಂದ ಆರಿಸಿ ಬಂದ ಪಂಚಾಯತಿ. ಭೂಮಿಯ ಹಳೆಯ ಕಾಗದ ಪೋರ್ತುಗೀಜಿನಲ್ಲಿ. ೧೯೬೮ರ ಭೂಕಂದಾಯ ಸಂಹಿತೆಯ ತರುವಾಯದ ಮೋಜಣಿಯ ಉತಾರ ಬೇರೆ. ಗೋವೆಯವರು ‘ಒಂದು-ಹದಿನಾಲ್ಕು’ ಎಂದು ಕರೆಯುವ ಆ ಉತಾರದಲ್ಲಿ ಯಾರ ಹೆಸರು ಯಾವ ಕಾಲಮಿನಲ್ಲಿದೆಯೆಂಬುದರ ಮೇಲೆ ಅಣ್ಣತಮ್ಮಂದಿರ ವ್ಯಾಜ್ಯಗಳು, ಒಕ್ಕಲು-ಒಡೆಯರ ವ್ಯಾಜ್ಯಗಳು ಎಷ್ಟೋ ನಡೆದಿವೆ.

ಭಾರತದ ಆಡಳಿತವು ಬಂದಿತೆಂದ ಮಾತ್ರಕ್ಕೆ ಕಪಾಟಿನ ಬಾಗಿಲು ತೆರೆಯಿತೆಂದು ತಿಳಿಯಬಾರದು. ಬ್ರಿಟಿಷರು ೧೯೨೩ರಲ್ಲಿ ಮಾಡಿದ ಸರಕಾರಿ ರಹಸ್ಯಗಳ ಕಾಯ್ದೆಯನ್ನು ಸ್ವತಂತ್ರ ಭಾರತವು ಹಾಗೆಯೇ ಇಟ್ಟುಕೊಂಡಿತು. ಗುಪ್ತಚರರಿಗಾಗಿ ಮಾಡಿದ ಕಾಯ್ದೆಯ ನೆರಳು ಗ್ರಾಮದ ಗಟಾರದ ಟೆಂಡರಿನ ಮೇಲೂ ಬಿತ್ತು. ಕೊಡದಿದ್ದರೆ ಅಧಿಕಾರಿಗೆ ಕೇಡಿಲ್ಲ, ಕೊಟ್ಟರೆ ಕೇಡಾದೀತು ಎಂಬ ಪರಿಸ್ಥಿತಿಯಲ್ಲಿ ಯಾವ ಗುಮಾಸ್ತನು ತಾನೆ ಪುಸ್ತಕ ತೆರೆದಾನು? ೧೯೭೫ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಕೆ. ಮ್ಯಾಥ್ಯೂ ಅವರು ರಾಜ್‌ನಾರಾಯಣರ ಮೊಕದ್ದಮೆಯಲ್ಲಿ, ಸಾರ್ವಜನಿಕ ಅಧಿಕಾರಿಗಳು ಸಾರ್ವಜನಿಕ ರೀತಿಯಲ್ಲಿ ಮಾಡುವ ಪ್ರತಿಯೊಂದು ಕಾರ್ಯವನ್ನೂ ತಿಳಿಯುವ ಹಕ್ಕು ಪ್ರಜೆಗಳಿಗಿದೆಯೆಂದು ಅಭಿಪ್ರಾಯಪಟ್ಟರು. ತತ್ತ್ವವು ಸಿದ್ಧವಾಯಿತು, ದಾರಿಯಿರಲಿಲ್ಲ. ಸ್ವೀಡನ್ ದೇಶವು ೧೭೬೬ರಲ್ಲಿಯೇ, ಅಮೇರಿಕವು ೧೯೬೬ರಲ್ಲಿ ದಾರಿ ಮಾಡಿಕೊಂಡಿದ್ದವು.

ನಮ್ಮ ದೇಶದಲ್ಲಿ ದಾರಿ ಮಾಡಿದವರು ವಿದ್ವಾಂಸರಲ್ಲ. ರಾಜಸ್ಥಾನದ ಹಳ್ಳಿಗಳ ಕೂಲಿಕಾರರು ಬರಗಾಲದ ಕಾಮಗಾರಿಯಲ್ಲಿ ದುಡಿದರೂ ಪೂರ್ತಿ ಪಗಾರ ದೊರೆಯದಾದಾಗ ಹಾಜರಿಪಟ್ಟಿಯನ್ನು ತೋರಿಸಿರೆಂದು ಕೇಳಿದರು. ಮಜದೂರ ಕಿಸಾನ ಶಕ್ತಿ ಸಂಘಟನೆಯು ೧೯೯೪ರಿಂದ ಜನಸುನವಾಯಿ ಎಂಬ ಬಹಿರಂಗ ಸಭೆಗಳನ್ನು ಕೂಡಿಸಿ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿತು. ೧೯೯೬ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಧರಣಿ ನಡೆಯಿತು. ಸಭೆಯ ಮುಂದೆ ಲೆಕ್ಕವನ್ನು ಗಟ್ಟಿಯಾಗಿ ಓದುವುದೆಂದರೆ ಗಾಂವ್‌ಕಾರಿಯ ನೇಮುವಿನ ಪದ್ಧತಿಯೇ ತಾನೆ? ಆದರೆ ಈ ಸಲ ಕುಳಿತವರು ಗಾಂವ್‌ಕಾರರಲ್ಲ, ಕೂಲಿಯವರು. ಅವರಲ್ಲಿ ಹೆಂಗಸರೂ ಬಹಳ ಮಂದಿ.

ಇನ್ನು ಗೋವೆಯ ಕಾಯ್ದೆಗೆ ಬರೋಣ. ೧೯೯೭ರಲ್ಲಿ ತಮಿಳುನಾಡು ಮೊದಲು, ಅದೇ ವರುಷವೇ ಗೋವೆ, ಮಾಹಿತಿಯ ಹಕ್ಕಿಗೆ ಕಾಯ್ದೆ ಮಾಡಿದವು. ದೊಡ್ಡ ದೊಡ್ಡ ರಾಜ್ಯಗಳು ಇನ್ನೂ ಯೋಚಿಸುತ್ತಿದ್ದಾಗ, ೧೯೮೭ರಲ್ಲಷ್ಟೇ ರಾಜ್ಯದ ಪಟ್ಟವನ್ನು ಪಡೆದ, ನಮ್ಮ ಒಂದು ಜಿಲ್ಲೆಯಷ್ಟೂ ಇಲ್ಲದ ಗೋವೆಯು ಮುಂದಡಿಯಿಟ್ಟದ್ದು ಗಮನಾರ್ಹ ಸಂಗತಿ. ಎರಡೂ ಕಾಯ್ದೆಗಳನ್ನು ಹೋಲಿಸಿದರೆ ಗೋವೆಯದೇ ಹೆಚ್ಚು ಉದಾರವಾದುದು. ತಮಿಳುನಾಡಿನ ಕಾಯ್ದೆಯಲ್ಲಿ ‘ಕೊಡಬೇಕಾಗಿಲ್ಲ’ ಎಂಬ ಬಾಬುಗಳು ಇಪ್ಪತ್ತಕ್ಕೆ ಮಿಕ್ಕಿದ್ದವು. ಗೋವೆಯದರಲ್ಲಿ ಕೆಲವೇ ಇದ್ದವು. ಪ್ರಾಣ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಅರ್ಜಿಗೆ ತ್ವರಿತವಾಗಿ ಉತ್ತರಿಸುವ ಏರ್ಪಾಡು, ವಿಳಂಬ ಮಾಡಿದ ಅಧಿಕಾರಿಗೆ ದಂಡ, ಇವೆಲ್ಲ ಇದ್ದವು. ಸರಕಾರದ ಕೆಲಸವನ್ನು ಗುತ್ತಿಗೆ ಹಿಡಿದು ಮಾಡುವ ಖಾಸಗಿ ಸಂಸ್ಥೆಗಳಿಗೂ ಅದು ಅನ್ವಯಿಸುತ್ತಿತ್ತು. ರಸ್ತೆಯ ಡಾಂಬರಿನ ಲೆಕ್ಕ ಗುತ್ತಿಗೆದಾರನ ಬಳಿಯಿದೆ, ನಮ್ಮಲ್ಲಿಲ್ಲ ಎಂದು ಕಚೇರಿಯು ಕೈ ತೊಳೆದುಕೊಳ್ಳುವಂತಿರಲಿಲ್ಲ. ಒಂದು ಕೊರತೆ ಮಾತ್ರ ದೊಡ್ಡದು. ಕೇಳಿದವನಿಗೆ ಕೊಡಬೇಕೆಂದಿತ್ತೇ ಹೊರತು, ಕೇಳದೆಯೇ ಪ್ರಕಟಿಸಬೇಕೆಂದು ಇರಲಿಲ್ಲ. ಹೀಗಾಗಿ ಕೇಳಲು ಬಲ್ಲವನಿಗೆ ಮಾತ್ರ ಅದು ಫಲಿಸಿತು. ಇನ್ನೊಂದು ಸೋಜಿಗವೆಂದರೆ, ಪಡೆದ ಮಾಹಿತಿಯನ್ನು ದುರುಪಯೋಗಪಡಿಸಿದವನಿಗೂ ಶಿಕ್ಷೆಯೆಂಬ ಮಾತು ಮಸೂದೆಯಲ್ಲಿ ಬಂದಾಗ ಅದನ್ನು ಎದುರಿಸಿ ನಿಂತವರು ಗೋವೆಯ ಪತ್ರಕರ್ತರೇ. ಯಾರಿಗೆ ಉಪಕಾರವಾಗಬೇಕಿತ್ತೋ ಅವರೇ ಮೊದಲು ಬೆದರಿದರು! ಬೆದರಿದ್ದು ತಪ್ಪಲ್ಲ; ದುರುಪಯೋಗವೆಂದರೇನು ಎಂಬುದನ್ನು ನಿರ್ಧರಿಸುವವರು ಯಾರು?

ನಮ್ಮ ಕರ್ನಾಟಕವು ೨೦೦೦ರಲ್ಲಿ ಕಾಯ್ದೆ ಮಾಡಿತು. ಅದು ಕೆಲಸಕ್ಕೆ ಬರಲು ೨೦೦೨ರವರೆಗೆ ಕಾಯಬೇಕಾಯಿತು. ಕೊನೆಗೆ ೨೦೦೫ನೆಯ ಅಕ್ಟೋಬರ್ ೧೨ರಿಂದ ಕೇಂದ್ರದ ಕಾಯ್ದೆಯು ಜಾರಿಗೆ ಬಂದಿತು. ಅದರ ಕಲಮುಗಳನ್ನು ವಾಚಕರು ಬಲ್ಲರು: ಮೂವತ್ತು ದಿನಗಳ ಗಡುವು, ಪ್ರಾಣಕ್ಕೆ ಸಂಬಂಧಿಸಿದ್ದಾದರೆ ನಾಲ್ವತ್ತೆಂಟು ಗಂಟೆ, ವಿಳಂಬಕ್ಕೆ ದಿನಕ್ಕೆ ೨೫೦ ರೂಪಾಯಿಯಂತೆ ೨೫,೦೦೦ದವರೆಗೆ ದಂಡ, ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ರಾಜ್ಯದ ಆಯೋಗಕ್ಕೆ ಎರಡನೆಯದು. ನಕಲು ಪಡೆಯುವುದಲ್ಲದೆ ಪುಸ್ತಕವನ್ನು ಎದುರಿಗೆ ಕುಳಿತು ನೋಡುವುದಕ್ಕೂ, ಕಾಮಗಾರಿಯನ್ನು ಪರೀಕ್ಷಿಸಿ ಮಾದರಿ ತೆಗೆದುಕೊಳ್ಳುವುದಕ್ಕೂ ಹಕ್ಕಿದೆ. ಕೇಳದೆಯೇ ಪ್ರಕಟಿಸಬೇಕಾದ ಹದಿನೇಳು ಬಾಬುಗಳನ್ನೂ ಹೇಳಿದೆ. ಗೋವೆಯ ಹಳೆಯ ಕಾಯ್ದೆಯ ಕೊರತೆಯು ಹೀಗೆ ತುಂಬಿತು, ಕಾಗದದ ಮೇಲಂತೂ.

ಹೊಸ ಕಾಯ್ದೆ ಬಂದು ವರುಷ ತುಂಬುವುದರೊಳಗೆ ಗೋವೆಯಲ್ಲಿ ಒಂದು ದೊಡ್ಡ ಪ್ರಕರಣ ನಡೆಯಿತು. ೨೦೦೬ರಲ್ಲಿ ‘ಪ್ರಾದೇಶಿಕ ಯೋಜನೆ ೨೦೧೧’ ಎಂಬುದನ್ನು ಸರಕಾರವು ಪ್ರಕಟಿಸಿತು. ಇಡೀ ರಾಜ್ಯದಲ್ಲಿ ಎಲ್ಲಿ ಬೇಸಾಯ, ಎಲ್ಲಿ ಕಾಡು, ಎಲ್ಲಿ ವಸತಿ ಎಂಬುದನ್ನು ಬಣ್ಣ ಬಣ್ಣದ ನಕ್ಷೆಗಳಲ್ಲಿ ತೋರಿಸುವ ಯೋಜನೆ ಅದು. ನಕ್ಷೆಗಳನ್ನು ಜನರು ಸೂಕ್ಷ್ಮವಾಗಿ ನೋಡಿದಾಗ ಗುಡ್ಡ, ತೋಟ, ಹಸಿರು ಪ್ರದೇಶಗಳಿದ್ದ ಕಡೆಗಳಲ್ಲಿ ವಸತಿಯ ಬಣ್ಣ ಬಿದ್ದಿರುವುದು ಕಂಡಿತು. ಅದೇ ವರುಷದ ಕೊನೆಗೆ ಗೋವಾ ಬಚಾವೋ ಅಭಿಯಾನವು ಹುಟ್ಟಿಕೊಂಡು, ಊರೂರುಗಳಲ್ಲಿ ಸಭೆಗಳಾಗಿ, ೨೦೦೭ನೆಯ ಜನವರಿಯಲ್ಲಿ ಸರಕಾರವು ಯೋಜನೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಸಾರಬೇಕಾಯಿತು. ಮುಂದಿನ ಯೋಜನೆಗಾಗಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಮೊದಲಾದವರಿದ್ದ ಕಾರ್ಯಪಡೆಯನ್ನು ನೇಮಿಸಿ, ಒಂದೊಂದು ಹಳ್ಳಿಯ ನಕ್ಷೆಯನ್ನೂ ಆಯಾ ಪಂಚಾಯತಿಗೆ ಕಳಿಸಿ, ಜನರ ಅಭಿಪ್ರಾಯ ಕೇಳಿದರು. ಭೂಗೋಲ ಕಲಿಸುವವರಿಗೆ ಈ ಪ್ರಕರಣದಲ್ಲಿ ಬಹಳ ಸಾಮಗ್ರಿಯಿದೆ. ನಕ್ಷೆಯ ಬಣ್ಣದ ಸೂಚಿಯನ್ನು ಓದಲು ಬಲ್ಲ ಹಳ್ಳಿಗನು ತನ್ನ ಗುಡ್ಡವನ್ನು ಉಳಿಸಿಕೊಂಡನು. ನಾವು ಆ ಸೂಚಿಯನ್ನು ಎರಡು ಅಂಕಗಳ ಪ್ರಶ್ನೆಯೆಂದು ಕಲಿಸುತ್ತ ಬಂದಿದ್ದೇವೆ.

ಗೋವೆಯಿಂದ ಬಂದ ಎರಡು ತೀರ್ಪುಗಳು ಇಡೀ ದೇಶದಲ್ಲಿ ಉಲ್ಲೇಖಗೊಳ್ಳುತ್ತಿವೆ. ೨೦೦೮ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಗೋವಾ ಪೀಠವು, ದಫ್ತರದಲ್ಲಿ ಏನಿದೆಯೋ ಅದನ್ನು ಕೇಳಬಹುದು, ‘ಏಕೆ ಮಾಡಿದಿರಿ’ ಎಂಬ ಪ್ರಶ್ನೆಗೆ ಕಾರಣವನ್ನು ಹೊಸದಾಗಿ ಹೇಳಿಸುವುದು ಈ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ ಎಂದಿತು. ಇದು ಅರ್ಜಿದಾರರಿಗೆ ಕಹಿಯಾದರೂ, ಅರ್ಜಿ ಬರೆಯುವ ಕಲೆಗೆ ಒಳ್ಳೆಯ ಪಾಠ: ಜಗಳ ತೆಗೆಯಬೇಡ, ಕಾಗದದ ಹೆಸರು ಹೇಳು. ಎರಡನೆಯದು ೨೦೧೧ನೆಯ ನವೆಂಬರ್ ೧೪ರದು. ಅಂದು ವಿರೋಧಪಕ್ಷದ ನಾಯಕರಾಗಿದ್ದ ಮನೋಹರ ಪರಿಕ್ಕರ್ ಅವರು, ೨೦೦೭ರಲ್ಲಿ ರಾಜ್ಯಪಾಲರು ಗೋವೆಯ ರಾಜಕೀಯ ಸ್ಥಿತಿಯ ಬಗೆಗೆ ರಾಷ್ಟ್ರಪತಿಗಳಿಗೆ ಕಳಿಸಿದ ವರದಿಗಳನ್ನು ಕೇಳಿದ್ದರು. ರಾಜಭವನವು ತಾನು ಈ ಕಾಯ್ದೆಗೆ ಒಳಪಡುವುದಿಲ್ಲವೆಂದು ವಾದಿಸಿತು. ಒಳಪಡುತ್ತದೆಯೆಂದು ಅದೇ ಪೀಠವು ತೀರ್ಮಾನಿಸಿತು. ರಾಜಭವನಕ್ಕೆ ಮುಟ್ಟಿದ ಕಾಯ್ದೆಯು ಪಂಚಾಯತಿಯ ಗುಮಾಸ್ತನ ಮೇಜಿಗೆ ಮುಟ್ಟುವಷ್ಟರಲ್ಲಿ ಕೆಲವು ಸಲ ಬಳಲಿಬಿಡುತ್ತದೆಂಬುದು ಬೇರೆ ಮಾತು.

೧೯೯೪ರ ಪಂಚಾಯತರಾಜ ಕಾಯ್ದೆಯಂತೆ ಗೋವೆಯ ೧೯೧ ಪಂಚಾಯತಿಗಳಲ್ಲಿ ಗ್ರಾಮಸಭೆಗಳು ಕೂಡುತ್ತವೆ. ಅವು ನಮ್ಮ ಕಡೆಯ ಎಷ್ಟೋ ಗ್ರಾಮಸಭೆಗಳಂತೆ ಸಹಿ ಹಾಕಿ ಚಹ ಕುಡಿದು ಏಳುವ ಸಭೆಗಳಲ್ಲ. ಹಿಂದಿನ ಸಭೆಯ ನ‌ಡಾವಳಿಯನ್ನು ಓದುವಾಗಲೇ ಜಗಳ ಆರಂಭವಾಗುವುದುಂಟು: ನಾವು ಹೀಗೆ ಹೇಳಿರಲಿಲ್ಲ, ನೀವು ಹಾಗೆ ಬರೆದುಕೊಂಡಿದ್ದೀರಿ ಎಂದು. ನಡಾವಳಿಗಾಗಿ ಜಗಳವಾಡುವ ಊರಿನಲ್ಲಿ ನೇಮು ಇನ್ನೂ ಸತ್ತಿಲ್ಲವೆಂದು ನಾವು ಭಾವಿಸುತ್ತೇವೆ.

ಆದರೆ ದಫ್ತರವನ್ನು ನೋಡುವ ಹಕ್ಕು ದೊರೆತರೂ, ದಫ್ತರವೇ ಸುಳ್ಳಾದರೆ? ಈ ಭಯವು ಕಲ್ಪನೆಯಲ್ಲ. ಹಳೆಯ ಪೋರ್ತುಗೀಜ ಕಾಲದ ಆಸ್ತಿಗಳ ಒಡೆಯರು ಅನೇಕರು ಪರದೇಶದಲ್ಲಿದ್ದಾರೆ, ಅನೇಕರು ಗತಿಸಿದ್ದಾರೆ. ಅಂಥ ಆಸ್ತಿಗಳನ್ನು ಖೊಟ್ಟಿ ಕಾಗದಗಳ ಮೂಲಕ ಲಪಟಾಯಿಸಿದರೆಂಬ ದೂರುಗಳು ಹೆಚ್ಚಿ, ೨೦೨೨ರಲ್ಲಿ ಗೋವೆಯ ಸರಕಾರವು ವಿಶೇಷ ತನಿಖಾದಳವನ್ನು ನೇಮಿಸಿತು. ನಿವೃತ್ತ ನ್ಯಾಯಾಧೀಶರ ಏಕಸದಸ್ಯ ಆಯೋಗವೂ ವಿಚಾರಣೆ ನಡೆಸಿ ೨೦೨೩ರಲ್ಲಿ ವರದಿ ಒಪ್ಪಿಸಿತು. ಹಳೆಯ ದಫ್ತರದ ಪುಸ್ತಕಗಳ ನಡುವೆಯೇ ನಕಲಿ ಕ್ರಯಪತ್ರಗಳನ್ನು ಸೇರಿಸಿದ್ದರೆಂಬುದು ಆರೋಪಗಳಲ್ಲಿ ಒಂದು. ದಿಯೋಗು ದು ಕೌಟುವಿನ ಪರಂಪರೆಗೆ ಇಂಥ ಗತಿಯೆ ಎಂದು ಮರುಕವಾಗುತ್ತದೆ. ಹಳೆಯ ಕಾಗದವನ್ನು ಓದಬಲ್ಲವರು ಊರಿಗೆ ನಾಲ್ಕು ಜನರಿದ್ದಿದ್ದರೆ ಹೊಸ ಶಾಯಿಯ ಹಳೆಯ ಕಾಗದವು ಇಷ್ಟು ಸುಲಭವಾಗಿ ನಡೆಯುತ್ತಿರಲಿಲ್ಲ. ಕೇಂದ್ರದ ಕಾಯ್ದೆಯನ್ನೂ ಈಚೆಗೆ ಅಲ್ಲಲ್ಲಿ ಕತ್ತರಿಸಿದ್ದಾರೆ. ೨೦೧೯ರ ತಿದ್ದುಪಡಿಯಿಂದ ಆಯುಕ್ತರ ಅವಧಿ, ಸಂಬಳಗಳನ್ನು ಗೊತ್ತುಪಡಿಸುವ ಅಧಿಕಾರ ಕೇಂದ್ರ ಸರಕಾರದ ಕೈಗೆ ಹೋಯಿತು. ೨೦೨೩ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯ ಮೂಲಕ, ವೈಯಕ್ತಿಕ ಮಾಹಿತಿಯನ್ನು ನಿರಾಕರಿಸುವ ಕಲಮನ್ನು ಹಿಗ್ಗಿಸಿದರು. ಹಾಜರಿಪಟ್ಟಿಯಲ್ಲಿರುವ ಹೆಸರೂ ವೈಯಕ್ತಿಕವೇ ಎಂದರೆ ರಾಜಸ್ಥಾನದ ಕೂಲಿಯವರು ಏನನ್ನು ಓದಿಸಬೇಕು?

ಗಡಿನಾಡಿನ ನಮಗೆ ಹತ್ತಿರವಾದ ತೊಡಕು ಇನ್ನೊಂದಿದೆ. ೨೦೧೧ರ ಜನಗಣತಿಯಂತೆ ಗೋವೆಯ ಜನರಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಯಿಸಿದವರು ನೂರಕ್ಕೆ ಐದರ ಹತ್ತಿರ ಇದ್ದರು. ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ, ಕೊಪ್ಪಳದ ಕಡೆಗಳಿಂದ ದುಡಿಯಲು ಹೋದವರೇ ಇವರಲ್ಲಿ ಬಹಳ. ವಾಸ್ಕೋದ ಬಾಯ್ನಾ, ಝುವಾರಿನಗರಗಳಲ್ಲಿ ಸಂಜೆ ನಡೆದರೆ ನಮ್ಮ ಊರಿನ ಸಂತೆಯಲ್ಲಿ ನಡೆದಂತೆಯೇ ಆಗುತ್ತದೆ. ಬಾಯ್ನಾದಲ್ಲಿ ೨೦೦೪ರಲ್ಲಿ, ಮತ್ತೆ ೨೦೧೫ರಲ್ಲಿ ಮನೆಗಳನ್ನು ಕೆಡವಿದಾಗ ಕನ್ನಡಿಗರ ಸಂಸಾರಗಳು ಬೀದಿಗೆ ಬಂದ ಸುದ್ದಿಯನ್ನು ವಾಚಕರು ಓದಿರಬಹುದು. ಆ ನೆಲ ಸರಕಾರದ್ದೇ, ತೆರವು ಕಾನೂನಿಗೆ ಸರಿಯೇ ಎಂಬ ವಾದವನ್ನು ನಾವಿಲ್ಲಿ ಎತ್ತಿಕೊಂಡಿಲ್ಲ. ಅಂಥ ದಿನ ಮನೆಯವನ ಕೈಯಲ್ಲಿ ಇರಬೇಕಾದದ್ದು ಕಾಗದ. ಕಾಗದ ಕಚೇರಿಯಲ್ಲಿದೆ. ಕೇಳುವ ಅರ್ಜಿಯನ್ನು ಕೇಂದ್ರದ ಕಾಯ್ದೆಯಂತೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬೇಕು. ಗೋವೆಯಲ್ಲಿ ಆಡಳಿತ ಭಾಷೆ ಕೊಂಕಣಿ, ಮರಾಠಿಯೂ ನಡೆಯುತ್ತದೆ. ಕನ್ನಡದಲ್ಲಿ ಬರೆದರೆ ಸ್ವೀಕರಿಸಬೇಕಾಗಿಲ್ಲ. ಕರ್ನಾಟಕದಲ್ಲಿ ದುಡಿಯುವ ಒಡಿಯಾ ಕೂಲಿಗೂ ಇದೇ ಕಷ್ಟವೆಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಆದರೆ ಅದೇ ಆರನೆಯ ಕಲಮಿನಲ್ಲಿ, ಬರೆಯಲಾರದವನು ಬಾಯಿಂದ ಹೇಳಿದರೆ ಅದನ್ನು ಬರಹಕ್ಕೆ ಇಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕೆಂದಿದೆ. ಈ ಮಾತು ನಮ್ಮವರಲ್ಲಿ ನೂರಕ್ಕೆ ಒಬ್ಬನಿಗೂ ಗೊತ್ತಿಲ್ಲ. ಗೊತ್ತಿದ್ದವನೂ ಮೇಜಿನ ಮುಂದೆ ನಿಂತಾಗ ಹೇಳಲು ಧೈರ್ಯ ಮಾಡುವುದಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿಗೂ ಆ ಧೈರ್ಯವಿರಲಿಲ್ಲ. ನಾವೇ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಟ್ಟೆವು. ‘ನನ್ನ ಹೆಸರು ಏಕೆ ಇಲ್ಲ’ ಎಂದು ಬರೆಯಿರಿ ಎಂದನು. ಬೇಡವೆಂದು, ಇಂಥ ವಾರ್ಡಿನ ಇಂಥ ವರುಷಗಳ ಘರಪಟ್ಟಿಯ ಆಕಾರಣಿ ಪುಸ್ತಕವನ್ನು ಎದುರಿಗೆ ನೋಡಲು ಅವಕಾಶ ಕೊಡಬೇಕೆಂದು ಬರೆದೆವು. ಹತ್ತು ರೂಪಾಯಿಯ ಶುಲ್ಕ ಕಟ್ಟಿ ಅರ್ಜಿ ಕೊಟ್ಟನು. ಇಪ್ಪತ್ತೇಳನೆಯ ದಿನ ಉತ್ತರ ಬಂದಿತು: ಪುಸ್ತಕ ಸಿಗುತ್ತಿಲ್ಲ. ಮೇಲ್ಮನವಿ ಮಾಡಿಸಿದೆವು. ಮೇಲಿನ ಅಧಿಕಾರಿಯು ಸಜ್ಜನರು. ಹುಡುಕಿ ತೋರಿಸಿರೆಂದು ಆಜ್ಞೆ ಮಾಡಿದರು. ಹತ್ತು ದಿನಗಳಲ್ಲಿ ಸಿಗದಿದ್ದ ಪುಸ್ತಕ ಸಿಕ್ಕಿತು.

ನಾವೂ ಅವನ ಜತೆಗೆ ಹೋಗಿದ್ದೆವು. ಗುಮಾಸ್ತನು ಪುಸ್ತಕವನ್ನು ನಮ್ಮ ಕಡೆಗೆ ತಳ್ಳಿ ಚಹಕ್ಕೆ ಎದ್ದುಹೋದನು. ಮನೆಯ ನಂಬರಿನ ಮೇಲೆ ಬೆರಳಿಟ್ಟು ಇಳಿಯುತ್ತ ಹೋದೆವು. ನಂಬರು ಇತ್ತು, ಪ್ರತಿ ವರುಷ ತೆರಿಗೆ ತುಂಬಿದ ಗುರುತೂ ಇತ್ತು. ಹೆಸರಿನ ಕಾಲಮಿನಲ್ಲಿ ಅವನ ಹೆಸರಿನ ಬದಲು ಅವನ ತಂದೆಯ ಹೆಸರೂ, ಅಡ್ಡಹೆಸರಿನ ಜಾಗದಲ್ಲಿ ಅವನ ಊರ ಹೆಸರೂ ಬಿದ್ದಿದ್ದವು. ಬರೆದವನಿಗೆ ನಮ್ಮ ಕಡೆಯ ಹೆಸರು ಹೇಳುವ ಪದ್ಧತಿ ಗೊತ್ತಿರಲಿಕ್ಕಿಲ್ಲ. ಇವನಿಗೆ ಅಂದು ತಿದ್ದಿಸಲು ಭಾಷೆ ಬಂದಿರಲಿಕ್ಕಿಲ್ಲ. ಘರಪಟ್ಟಿ ತುಂಬಿದ ಮಾತ್ರಕ್ಕೆ ಮನೆ ಕಾಯ್ದೆಶೀರ ಆಗುವುದಿಲ್ಲವೆಂದು ಅವನಿಗೆ ಮೊದಲೇ ತಿಳಿಸಿದ್ದೆವು. ಆದರೂ ಅವನು ಆ ಸಾಲುಗಳನ್ನು ಒಂದೊಂದಾಗಿ ಬೆರಳಿನಿಂದ ಎಣಿಸಿದನು, ಹದಿನೇಳು ಇದ್ದವು. “ಸರ, ಇದ ನಂದ ರೀ” ಎಂದನು. ಪುಟಕ್ಕೆ ಎರಡು ರೂಪಾಯಿಯಂತೆ ಮೂವತ್ತನಾಲ್ಕು ರೂಪಾಯಿ ತುಂಬಿ ಪ್ರಮಾಣಿತ ನಕಲು ತೆಗೆದುಕೊಂಡೆವು. ಮರುವರುಷ ಜೂನಿನಲ್ಲಿ ಅವನು ಮಗಳನ್ನು ಶಾಲೆಗೆ ಸೇರಿಸಲು ಊರಿಗೆ ಬಂದಾಗ, ಜನರಲ್ ರಜಿಸ್ಟರಿನಲ್ಲಿ ನಾವು ಬರೆದ ಸಾಲನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಒಂದೊಂದೇ ಅಕ್ಷರವನ್ನು ಓದಿ ನೋಡಿ, ಆಮೇಲೆ ಸಹಿ ಹಾಕಿದನು.